ಬೇರೆ ಗ್ರೇಡಿನ ಎಂಜಿನ್ ಆಯಿಲ್ ಬೆರೆಸುವ ಮುನ್ನ ಡಬ್ಬಿಯ ಹಿಂಬದಿ ಓದಿ

ಎಂಜಿನ್‌ನಲ್ಲಿ 10ಡಬ್ಲ್ಯು-30 ಇದೆ, ಕೈಯಲ್ಲಿರುವುದು 20ಡಬ್ಲ್ಯು-40, ಸ್ವಲ್ಪ ಸುರಿದರೆ ಎಂಜಿನ್ ಕೆಡುತ್ತದೆಯೇ ಎಂಬುದು ಬೈಕ್ ಸರ್ವಿಸ್ ಕೆಲಸದಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ. ಕೇಳುವವರ ಗಮನವೆಲ್ಲ ಆ ಅಂಕಿಗಳ ಮೇಲೆಯೇ ಇರುತ್ತದೆ. ಆದರೆ ಬೆರಕೆಯಿಂದ ತೊಂದರೆಗೊಳಗಾಗಿ ಬಂದ ಬೈಕುಗಳನ್ನು ಬಿಚ್ಚಿ ನೋಡಿದಾಗ, ಕಾರಣ ಬಹುಮಟ್ಟಿಗೆ ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಇನ್ನೊಂದು ಗುರುತಿಗೆ ಸಂಬಂಧಿಸಿರುತ್ತದೆ.

ಡಬ್ಲ್ಯು ಜೊತೆಗಿರುವ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದನ್ನೂ, ಎರಡನೆಯ ಅಂಕಿ ಬಿಸಿಯಲ್ಲಿ ಅದರ ಸ್ನಿಗ್ಧತೆಯನ್ನೂ, ಅಂದರೆ ಎಷ್ಟು ಮಂದವಾಗಿದೆ ಎಂಬುದನ್ನೂ ಸೂಚಿಸುತ್ತದೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ಗ್ರೇಡಿನ ವ್ಯಾಪ್ತಿ 9.3ರಿಂದ 12.5 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಅಳತೆ), 40 ಗ್ರೇಡಿನದು 12.5ರಿಂದ 16.3. ಅಂದರೆ ಅಕ್ಕಪಕ್ಕದ ಗ್ರೇಡುಗಳ ನಡುವೆ ಗೋಡೆಯೇನೂ ಇಲ್ಲ. ಬೆರೆಸಿದ ಆಯಿಲ್ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ; ಸಮಪಾಲು ಬೆರೆಸಿದರೂ ಸರಿಯಾಗಿ ಮಧ್ಯಕ್ಕೆ ಬಾರದೆ ತೆಳುವಾದುದರ ಕಡೆಗೇ ತುಸು ವಾಲುತ್ತದೆ. ಮಿನರಲ್ ಮತ್ತು ಸಿಂಥೆಟಿಕ್ ಬೆರೆತರೆ ಆಯಿಲ್ ಒಡೆದುಹೋಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ, ಏಕೆಂದರೆ ಇಂದಿನ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುಣಮಟ್ಟದ ದರ್ಜೆ ಪಡೆಯಬೇಕಾದ ಆಯಿಲ್, ನಿಗದಿತ ಮಾದರಿ ಆಯಿಲ್‌ಗಳೊಂದಿಗೆ ಬೆರೆಸಿದಾಗ ಬೇರ್ಪಡದೆ ಉಳಿಯಬೇಕು. ಸಿಂಥೆಟಿಕ್‌ಗೆ ಕೊಟ್ಟ ಹೆಚ್ಚಿನ ಹಣ ಮಾತ್ರ ನೀರುಪಾಲು.

ಡಬ್ಬಿಯ ಹಿಂಬದಿಯಲ್ಲಿ ನಿಜವಾಗಿ ನೋಡಬೇಕಾದದ್ದು ಜಾಸೋ, ಅಂದರೆ ಜಪಾನಿನ ವಾಹನ ಮಾನದಂಡ ಸಂಸ್ಥೆಯ ಗುರುತು. ಬಹುತೇಕ ಗೇರ್ ಬೈಕುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಎಂಜಿನ್ ನುಣುಪನ್ನು ಬಯಸಿದರೆ, ಕ್ಲಚ್ ಪ್ಲೇಟುಗಳಿಗೆ ಅದೇ ಆಯಿಲ್‌ನಲ್ಲಿ ಹಿಡಿತ ಬೇಕು. ಇದಕ್ಕಾಗಿಯೇ 1998ರಲ್ಲಿ ಜಪಾನಿನಲ್ಲಿ ಜಾಸೋ ದರ್ಜೆಗಳು ಬಂದವು: ಎಂಎ ಮತ್ತು ಮುಂದೆ ಸೇರಿದ ಎಂಎ1, ಎಂಎ2 ಗುರುತಿನವು ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗೆ, ಘರ್ಷಣೆ ಕಡಿಮೆಯಿರುವ ಎಂಬಿ, ಎಂಜಿನ್ ಆಯಿಲ್‌ನಲ್ಲಿ ಕ್ಲಚ್ ಇಲ್ಲದ ಸ್ಕೂಟರ್‌ಗಳಿಗೆ.

ಒಮ್ಮೆ ಬಂದ ಒಂದು ಬೈಕಿನಲ್ಲಿ ಟಾಪ್ ಗೇರ್‌ನಲ್ಲಿ ಏರು ಹತ್ತುವಾಗ ಎಂಜಿನ್ ಸದ್ದು ಏರುತ್ತಿತ್ತೇ ಹೊರತು ವೇಗ ಏರುತ್ತಿರಲಿಲ್ಲ. ಕ್ಲಚ್ ಕೇಬಲ್‌ನ ಫ್ರೀ ಪ್ಲೇ (ಇರಬೇಕಾದ ಸಡಿಲ) ಸರಿಯಾಗಿಯೇ ಇತ್ತು. ವಿಚಾರಿಸಿದಾಗ, ಕಾರಿಗೆ ಹಾಕಿ ಉಳಿದಿದ್ದ 5ಡಬ್ಲ್ಯು-30 ಆಯಿಲ್ ಸುರಿದಿದ್ದು ತಿಳಿಯಿತು. ಅದರ ಡಬ್ಬಿಯ ಮೇಲೆ ಘರ್ಷಣೆ ತಗ್ಗಿಸಿ ಇಂಧನ ಉಳಿಸುವ ಆಯಿಲ್‌ಗಳ 'ರಿಸೋರ್ಸ್ ಕನ್ಸರ್ವಿಂಗ್' ಮುದ್ರೆ ಇತ್ತು, ಜಾಸೋ ಗುರುತು ಇರಲಿಲ್ಲ. ಕ್ಲಚ್ ಬಿಚ್ಚಿದಾಗ ಫ್ರಿಕ್ಷನ್ ಪ್ಲೇಟುಗಳ ದಪ್ಪ ಮಿತಿಯೊಳಗೇ ಇದ್ದರೂ ಮೇಲ್ಮೈ ಗಾಜಿನಂತೆ ಹೊಳೆಯುತ್ತಿತ್ತು, ಸ್ಟೀಲ್ ಪ್ಲೇಟುಗಳು ಬಿಸಿಗೆ ಅಲ್ಲಲ್ಲಿ ನೀಲಿಗಟ್ಟಿದ್ದವು. ಪ್ಲೇಟುಗಳ ಸೆಟ್ ಬದಲಿಸಿ, ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಎಂಎ2 ಆಯಿಲ್‌ನಲ್ಲಿ ನೆನೆಸಿ ಕೂರಿಸಿದೆವು. ಎಲ್ಲ ಕಾರ್ ಆಯಿಲ್‌ಗಳೂ ಹೀಗೆ ಮಾಡುತ್ತವೆ ಎಂದಲ್ಲ, ಆದರೆ ಪರೀಕ್ಷಿಸಿ ನೋಡುವ ಜಾಗ ನಿಮ್ಮ ಕ್ಲಚ್ ಅಲ್ಲ.

ಹೀಗಾಗಿ ದಾರಿಯಲ್ಲಿ ಆಯಿಲ್ ತಗ್ಗಿ, ಅದೇ ಗ್ರೇಡ್ ಸಿಗದಿದ್ದಾಗ ನಾನು ಕೊಡುವ ಸಲಹೆ ಇಷ್ಟೆ: ಜಾಸೋ ದರ್ಜೆ ನಿಮ್ಮ ಬೈಕಿಗೆ ಹೊಂದುವಂಥದ್ದಾಗಿರಲಿ, ಎಪಿಐ ದರ್ಜೆ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಹಳೆಯದಾಗದಿರಲಿ, ಗ್ರೇಡ್ ಆದಷ್ಟು ಹತ್ತಿರವಿರಲಿ, ಮುಂದಿನ ಆಯಿಲ್ ಬದಲಾವಣೆಯನ್ನು ಸ್ವಲ್ಪ ಬೇಗ ಮಾಡಿಸಿ. ತೀರಾ ತಗ್ಗಿದ ಆಯಿಲ್‌ನಲ್ಲಿ ಓಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಟು-ಸ್ಟ್ರೋಕ್ ಆಯಿಲ್ ಮಾತ್ರ ಬೇಡವೇ ಬೇಡ. ಅಂದಹಾಗೆ, ಡ್ರೈನ್ ಬೋಲ್ಟ್ ಬಿಚ್ಚಿ ಎಷ್ಟೇ ಸುರಿಸಿದರೂ ಒಳಗೆ ಒಂದಿಷ್ಟು ಹಳೆಯದು ಉಳಿದೇ ಉಳಿಯುವುದರಿಂದ, ಬ್ರಾಂಡ್ ಬದಲಿಸುವ ಎಲ್ಲರೂ ತಿಳಿಯದೆಯೇ ಬೆರೆಸುತ್ತಿರುತ್ತಾರೆ.

ಸೈಡ್ ಸ್ಟ್ಯಾಂಡ್‌ನಲ್ಲಿ ವಾಲಿಸಿ ನಿಲ್ಲಿಸಿದ ಬೈಕಿನಲ್ಲಿ ಡಿಪ್‌ಸ್ಟಿಕ್ ನೋಡಿ, ಆಯಿಲ್ ಕಡಿಮೆಯಾಗಿದೆ ಎಂದು ಗಾಬರಿಯಾಗಿ ಸುರಿಯುವವರನ್ನೂ ನೋಡಿದ್ದೇನೆ. ಸಮತಟ್ಟಾದ ನೆಲದ ಮೇಲೆ ಬೈಕನ್ನು ನೇರವಾಗಿ ನಿಲ್ಲಿಸಿ, ಎಂಜಿನ್ ಆರಿಸಿ ಆಯಿಲ್ ಕೆಳಗಿಳಿಯಲು ಕೆಲ ನಿಮಿಷ ಬಿಟ್ಟು, ಡಿಪ್‌ಸ್ಟಿಕ್ಕನ್ನು ತಿರುಗಿಸಿ ಬಿಗಿಯಬೇಕೋ ಸುಮ್ಮನೆ ಇಳಿಸಬೇಕೋ ಎಂಬುದನ್ನು ಕೈಪಿಡಿಯಲ್ಲಿ ನೋಡಿ ಅಳೆಯಬೇಕು. ಎರಡು ಗೆರೆಗಳ ನಡುವೆ ಆಯಿಲ್ ಕಂಡರೆ ಯಾವ ಡಬ್ಬಿಯನ್ನೂ ತೆರೆಯಬೇಕಾಗಿಲ್ಲ.