ಅರ್ಜಿಯ ಕೊನೇ ಪುಟದಲ್ಲಿ ಇಷ್ಟೆಲ್ಲ ಯಾಕೆ ಕೇಳ್ತಾರೆ?

ಚಳಿಗಾಲ ಶುರುವಾದರೆ ಇಂಗ್ಲೆಂಡಿನ ಕವೆಂಟ್ರಿಯ ನಮ್ಮ ಕನ್ನಡದವರ ಮನೆಗಳಲ್ಲಿ ಒಂದೇ ಮಾತು. ಮಕ್ಕಳು ಯೂನಿವರ್ಸಿಟಿಗೆ ಹೋಗ್ತಾರಾ, ಅಪ್ರೆಂಟಿಸ್‌ಶಿಪ್‌ಗೆ ಹಾಕ್ತಾರಾ? ಊರಲ್ಲಿರುವವರಿಗೆ ಅಪ್ರೆಂಟಿಸ್ ಅಂದ ಕೂಡಲೇ ಐಟಿಐ ಮುಗಿಸಿ ಕಾರ್ಖಾನೆಗೆ ಸೇರುವ ಹುಡುಗ ಕಣ್ಣಮುಂದೆ ಬರುತ್ತಾನೆ. ಇಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್ ಕೆಲಸದಿಂದ ಹಿಡಿದು ಅಕೌಂಟೆಂಟ್, ಸಾಫ್ಟ್‌ವೇರ್ ಎಂಜಿನಿಯರ್, ವಕೀಲರ ತನಕ ಎಲ್ಲದಕ್ಕೂ ಅಪ್ರೆಂಟಿಸ್‌ಶಿಪ್ ಇದೆ. 2015ರಿಂದ ಡಿಗ್ರಿ ಅಪ್ರೆಂಟಿಸ್‌ಶಿಪ್ ಕೂಡ ಬಂದಿದೆ. ಕಂಪನಿ ಸಂಬಳ ಕೊಟ್ಟು ಕೆಲಸ ಕಲಿಸುತ್ತೆ, ಜೊತೆಗೆ ಡಿಗ್ರಿಯನ್ನೂ ಓದಿಸುತ್ತೆ. ಯೂನಿವರ್ಸಿಟಿಗೆ ನೇರವಾಗಿ ಸೇರಿದರೆ ಇಂಗ್ಲೆಂಡಿನಲ್ಲಿ ವರ್ಷಕ್ಕೆ 9,535 ಪೌಂಡ್ ತನಕ ಫೀಸು, ಇದು 2025-26ರ ಲೆಕ್ಕ. ಡಿಗ್ರಿ ಅಪ್ರೆಂಟಿಸ್‌ಗೆ ಆ ಫೀಸು ಇಲ್ಲ. ಅಪ್ಪ ಅಮ್ಮಂದಿರ ಕಣ್ಣು ಅತ್ತ ಹೊರಳಿದ್ದರಲ್ಲಿ ಆಶ್ಚರ್ಯವೇನಿಲ್ಲ ಬಿಡಿ.

ಅರ್ಜಿ ಹಾಕೋದು ಆನ್‌ಲೈನ್‌ನಲ್ಲೇ. ಮಾರ್ಕ್ಸು, ಆಸಕ್ತಿ, ಈ ಕೆಲಸವೇ ಯಾಕೆ ಬೇಕು, ಇದೆಲ್ಲ ಬರೆದಾದ ಮೇಲೆ ಕೊನೆಗೊಂದು ಪುಟ ತೆರೆದುಕೊಳ್ಳುತ್ತದೆ. ನೀವು ಯಾವ ಜನಾಂಗದವರು? ಧರ್ಮ ಯಾವುದು? ಹೆಣ್ಣೋ ಗಂಡೋ? ಹುಟ್ಟಿದಾಗ ದಾಖಲಾದ ಲಿಂಗವೇ ಈಗಲೂ ನಿಮ್ಮದಾ? ಯಾರ ಕಡೆಗೆ ಆಕರ್ಷಣೆ? ಅಂಗವೈಕಲ್ಯ ಇದೆಯಾ? ನಮ್ಮ ಮನೆಗಳಲ್ಲಿ ಈ ಪುಟ ಬಂದ ತಕ್ಷಣ ಮಕ್ಕಳು ಲ್ಯಾಪ್‌ಟಾಪ್ ಸ್ವಲ್ಪ ಆ ಕಡೆ ತಿರುಗಿಸಿಕೊಳ್ಳುತ್ತಾರೆ. ದೊಡ್ಡವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬರುತ್ತಾರೆ.

ನಾನು ಕೆಲಸ ಮಾಡೋದು ಇಲ್ಲೇ ಹತ್ತಿರದ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ. ಅಲ್ಲಿ ಅಪ್ರೆಂಟಿಸ್ ನೇಮಕಾತಿ ನೋಡಿಕೊಳ್ಳುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಪ್ರತಿ ವರ್ಷ ಯಾರಾದರೊಬ್ಬರು ನನ್ನನ್ನು ಹಿಡಿದು ಕೂರಿಸುತ್ತಾರೆ. ಈ ಸಲ ಗೆಳತಿಯ ಮಗಳ ಸರದಿ. "ಆಂಟಿ, ಇಂಡಿಯನ್ ಅಂತ ಟಿಕ್ ಮಾಡಿದ್ರೆ ಒಳ್ಳೇದಾ ಕೆಟ್ಟದ್ದಾ?" ಅಂದಳು. ಅವರಪ್ಪನಿಗೆ ಇನ್ನೊಂದು ಅನುಮಾನ. "ಮೇಡಂ, ಇದು ನಮ್ ಕಡೆ ಕೋಟಾ ಥರಾನೇ ಅಲ್ವಾ? ಕಡಿಮೆ ಇರೋರ್ಗೆ ಸೀಟು ಇಟ್ಟಿರ್ತಾರೆ?"

ಅಲ್ಲ. ಊರಿನ ಓದುಗರು ಮೊದಲು ತಲೆಯಿಂದ ತೆಗೆಯಬೇಕಾದದ್ದು ಇದನ್ನೇ. ನಮ್ಮಲ್ಲಿ ಅರ್ಜಿಯ ಜಾತಿ ಕಾಲಂ ನೇರವಾಗಿ ಸೀಟಿಗೆ ಸಂಬಂಧಿಸಿದ್ದು, ಅದಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು. ಇಲ್ಲಿ ಈ ಪುಟಕ್ಕೆ ಯಾವ ಪ್ರಮಾಣಪತ್ರವೂ ಬೇಡ. ನೀವು ಏನು ಹೇಳಿದಿರೋ ಅದೇ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯ ಪ್ರಕಾರ ಜನಾಂಗ ನೋಡಿ ಇಷ್ಟು ಜಾಗ ಅಂತ ಮೀಸಲಿಡೋದೇ ಕಾನೂನುಬಾಹಿರ. ಇಬ್ಬರೂ ಸರಿಸಮ ಅರ್ಹರಾಗಿದ್ದಾಗ ಕಡಿಮೆ ಸಂಖ್ಯೆಯಲ್ಲಿರುವ ಗುಂಪಿನವರನ್ನು ಆರಿಸಬಹುದು ಅಂತ ಒಂದು ಸಣ್ಣ ಅವಕಾಶ ಇದೆ. ಅದನ್ನು ಬಳಸಲು ಕಂಪನಿಗಳೇ ಹೆದರುತ್ತವೆ. ನಮ್ಮ ಕಂಪನಿಯಲ್ಲಂತೂ ಸಂದರ್ಶನ ಮಾಡಲು ಕೂರುವವರಿಗೆ ಈ ಪುಟ ಕಾಣಿಸುವುದೇ ಇಲ್ಲ. ಅರ್ಜಿ ಒಂದು ಕಡೆ, ಈ ಉತ್ತರಗಳು ಇನ್ನೊಂದು ಕಡೆ. ನನಗೂ ಸಿಗೋದು ಬರೀ ಕೂಡಿಸಿದ ಲೆಕ್ಕ. ಹೆಸರು ಇರೋದಿಲ್ಲ. ಒಂದು ಗುಂಪಿನಲ್ಲಿ ತೀರಾ ಮೂರ್ನಾಲ್ಕು ಜನ ಇದ್ದರೆ ಆ ಸಂಖ್ಯೆಯನ್ನೂ ಮುಚ್ಚಿರುತ್ತಾರೆ, ಇಂಥವರೇ ಅಂತ ಗುರುತು ಹತ್ತಬಾರದಲ್ವಾ?

ಹಾಗಾದರೆ ಯಾರಿಗಾಗಿ ಇದು? ಕಂಪನಿ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳೋದಕ್ಕೆ. ನನ್ನ ಅನುಭವದಲ್ಲಿ ಇದೊಂದೇ ನೇರ ಉತ್ತರ.

ನಮ್ಮ ಆಫೀಸಿನ ಆ ಲೆಕ್ಕದ ಹಾಳೆಯಲ್ಲಿ ನಾಲ್ಕು ಮೆಟ್ಟಿಲು. ಅರ್ಜಿ ಹಾಕಿದವರು, ಆನ್‌ಲೈನ್ ಟೆಸ್ಟ್ ಪಾಸಾದವರು, ಸಂದರ್ಶನಕ್ಕೆ ಬಂದವರು, ಕೆಲಸ ಸಿಕ್ಕವರು. ಪ್ರತಿ ಮೆಟ್ಟಿಲಲ್ಲೂ ಯಾರು ಎಷ್ಟು ಉಳಿದರು ಅಂತ ನೋಡುತ್ತೇವೆ. ಹುಡುಗಿಯರು ಅರ್ಜಿಯನ್ನೇ ಹಾಕಿಲ್ಲ ಅಂದರೆ ಸಂದರ್ಶನ ಮಾಡಿದವರನ್ನು ಬೈದು ಏನೂ ಪ್ರಯೋಜನವಿಲ್ಲ. ಜಾಹೀರಾತು ಎಲ್ಲಿಗೆ ಹೋಯಿತು, ಯಾವ ಶಾಲೆಗಳಿಗೆ ಹೋಗಿ ಮಾತಾಡಿದೆವು ಅಂತ ಹುಡುಕಬೇಕು. ಅರ್ಜಿ ಬೇಕಾದಷ್ಟು ಬಂದು, ಟೆಸ್ಟೂ ಪಾಸಾಗಿ, ಆಮೇಲೆ ಒಂದೇ ಥರದ ಮಕ್ಕಳು ಉದುರಿದರೆ ರೋಗ ಬೇರೆ ಕಡೆ ಇದೆ.

ಒಂದು ವರ್ಷ ನಮ್ಮಲ್ಲಿ ಹಾಗೇ ಆಯಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದ ಮಕ್ಕಳು ಟೆಸ್ಟ್‌ನಲ್ಲಿ ಚೆನ್ನಾಗಿ ಮಾಡಿ ವಿಡಿಯೊ ಸಂದರ್ಶನದಲ್ಲಿ ಸಾಲಾಗಿ ಬೀಳುತ್ತಿದ್ದರು. ಹುಡುಗಿಯರೂ ಅಷ್ಟೇ. ಲೆಕ್ಕ ನೋಡಿದ ಮೇಲೆ ಪ್ರಶ್ನೆಗಳನ್ನು ಮತ್ತೆ ಓದಿದೆವು. ಒಂದು ಪ್ರಶ್ನೆ ಹೀಗಿತ್ತು: ನೀವು ಮನೆಯಲ್ಲಿ ಬಿಚ್ಚಿ ರಿಪೇರಿ ಮಾಡಿದ ಯಾವುದಾದರೂ ಯಂತ್ರದ ಬಗ್ಗೆ ಹೇಳಿ. ಗ್ಯಾರೇಜಿನಲ್ಲಿ ಅಪ್ಪನ ಜೊತೆ ಹಳೇ ಬೈಕ್ ಬಿಚ್ಚಿ ಬೆಳೆದ ಹುಡುಗನಿಗೆ ಇದು ಬಾಯಿಗೆ ಬಿದ್ದ ಸಕ್ಕರೆ. ನಮ್ಮ ಮನೆಗಳಲ್ಲಿ? ಮಗು ಸ್ಪ್ಯಾನರ್ ಮುಟ್ಟಿದರೆ "ಅದೆಲ್ಲ ಆಮೇಲೆ, ಮೊದ್ಲು ಓದ್ಕೋ ಹೋಗು" ಅಂತ ಗದರಿಸಿದವರು ನಾವೇ. ಪ್ರಶ್ನೆ ಬರೆದವರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಅವರು ಬೆಳೆದದ್ದೇ ಹಾಗೆ. ಈಗ ಆ ಪ್ರಶ್ನೆ ಹೋಗಿದೆ. ಬದಲಿಗೆ ಒಂದು ಗೇರ್‌ಬಾಕ್ಸಿನ ಚಿತ್ರ ಕೊಟ್ಟು, ಈ ಹಲ್ಲು ಮುರಿದರೆ ಏನಾಗುತ್ತೆ ಅಂತ ಕೇಳುತ್ತೇವೆ. ಯಂತ್ರದ ತಲೆ ಇದೆಯಾ ಅಂತ ತಿಳಿಯೋಕೆ ಅಷ್ಟು ಸಾಕು.

ಕೊನೇ ಪುಟ ಇಲ್ಲದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಸೇರಿದ ಅಪ್ರೆಂಟಿಸ್‌ಗಳ ಲೆಕ್ಕ ಸರ್ಕಾರದ ಬಳಿಯೂ ಇರುತ್ತದೆ. ಇಂಗ್ಲೆಂಡಿನಲ್ಲಿ ತರಬೇತಿ ಶುರುಮಾಡಿದವರ ಜನಾಂಗ, ಅಂಗವೈಕಲ್ಯದ ಅಂಕಿಅಂಶ ಪ್ರಕಟವಾಗುತ್ತದೆ. ಅದರಲ್ಲಿ ಇರೋದು ಬರೀ ಗೆದ್ದವರು. ಬಾಗಿಲಿಗೆ ಬಂದು ವಾಪಸ್ ಹೋದವರ ಲೆಕ್ಕ ಆ ಕಂಪನಿಗೆ ಬಿಟ್ಟರೆ ಇನ್ಯಾರ ಹತ್ತಿರವೂ ಇರುವುದಿಲ್ಲ.

ಈ ದೇಶಕ್ಕೆ ಇಂಥ ಲೆಕ್ಕ ಯಾಕೆ ಬೇಕಾಯಿತು ಅನ್ನುವುದಕ್ಕೆ ಹಳೇ ಕಥೆ ಇದೆ. 1963ರಲ್ಲಿ ಬ್ರಿಸ್ಟಲ್ ನಗರದ ಬಸ್ ಕಂಪನಿ ಕಪ್ಪು ಜನರನ್ನೂ ಏಷ್ಯಾದವರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಗೈ ಬೈಲಿ ಅನ್ನುವ ಯುವಕನನ್ನು ಸಂದರ್ಶನಕ್ಕೆ ಕರೆದಿದ್ದರು. ಅವನು ವೆಸ್ಟ್ ಇಂಡೀಸ್ ಮೂಲದವನು ಅಂತ ಗೊತ್ತಾದ ಕೂಡಲೇ ರದ್ದು ಮಾಡಿದರು. ಪಾಲ್ ಸ್ಟೀಫನ್‌ಸನ್ ಮತ್ತು ಜೊತೆಗಾರರು ಬಸ್ ಬಹಿಷ್ಕಾರಕ್ಕೆ ಕರೆ ಕೊಟ್ಟರು. ತಿಂಗಳುಗಟ್ಟಲೆ ನಡೆದು ಆಗಸ್ಟ್‌ನಲ್ಲಿ ಕಂಪನಿ ಮಣಿಯಿತು. ಮುಂದಿನ ತಿಂಗಳು ಕಂಡಕ್ಟರ್ ಚೀಲ ಹಾಕಿಕೊಂಡ ಮೊದಲ ಬಿಳಿಯನಲ್ಲದ ವ್ಯಕ್ತಿ ನಮ್ಮ ಕಡೆಯವರೇ, ರಘಬೀರ್ ಸಿಂಗ್ ಅನ್ನುವ ಸಿಖ್. ಉದ್ಯೋಗದಲ್ಲಿ ವರ್ಣಭೇದ ಮಾಡುವುದು ಕಾನೂನಿಗೆ ವಿರುದ್ಧ ಅಂತಾಗಲು 1968ರ ಕಾಯ್ದೆಯೇ ಬರಬೇಕಾಯಿತು.

ಆಗಿನವರು ಬಾಯಿಬಿಟ್ಟು ಹೇಳುತ್ತಿದ್ದರು. ಈಗ ಯಾರೂ ಹೇಳೋದಿಲ್ಲ. ಹಾಗಂತ ನಿಂತುಹೋಗಿದೆಯಾ? 2009ರಲ್ಲಿ ಸರ್ಕಾರದ ಉದ್ಯೋಗ ಇಲಾಖೆಯೇ ಒಂದು ಪ್ರಯೋಗದ ವರದಿ ಹೊರತಂದಿತು. ವಿದ್ಯೆ, ಅನುಭವ ಒಂದೇ, ಹೆಸರು ಮಾತ್ರ ಬೇರೆ. ಅಂಥ ಅರ್ಜಿಗಳನ್ನು ನಿಜವಾದ ಜಾಹೀರಾತುಗಳಿಗೆ ಕಳಿಸಿದರು. ಬಿಳಿಯರ ಹೆಸರಿಗೆ 9 ಅರ್ಜಿಗೆ ಒಂದು ಒಳ್ಳೆಯ ಉತ್ತರ ಬಂದರೆ, ಅಲ್ಪಸಂಖ್ಯಾತರ ಹೆಸರಿಗೆ 16 ಅರ್ಜಿ ಬೇಕಾಯಿತು. ಒಬ್ಬೊಬ್ಬ ಅಭ್ಯರ್ಥಿಗೂ ಬಂದದ್ದು "ಕ್ಷಮಿಸಿ, ಈ ಸಲ ಆಗಲಿಲ್ಲ" ಅನ್ನುವ ಸಭ್ಯ ಇಮೇಲ್ ಅಷ್ಟೇ. ಒಂದೊಂದೇ ನೋಡಿದರೆ ಏನೂ ತಪ್ಪು ಕಾಣದು. ಒಟ್ಟಿಗೆ ಎಣಿಸಿದಾಗಲೇ ಕಾಣೋದು.

ಇಂಗ್ಲೆಂಡಿನ ಖಾಸಗಿ ಕಂಪನಿಗೆ ಈ ಮಾಹಿತಿ ಕೇಳಲೇಬೇಕು ಅಂತ ಕಾನೂನು ಇಲ್ಲ. ಕೌನ್ಸಿಲ್, ಆಸ್ಪತ್ರೆ, ಪೊಲೀಸ್‌ನಂಥ ಸರ್ಕಾರಿ ಸಂಸ್ಥೆಗಳ ಮೇಲೆ 2011ರಿಂದ ಸಮಾನತೆಯ ಹೊಣೆ ಇದೆ. ಅವು ಕೇಳೋದು ಜಾಸ್ತಿ. ಉತ್ತರ ಐರ್ಲೆಂಡಿಗೆ ಹೋದರೆ ಚಿತ್ರವೇ ಬೇರೆ. ಅಲ್ಲಿ 10ಕ್ಕಿಂತ ಹೆಚ್ಚು ನೌಕರರಿದ್ದರೆ ಕಡ್ಡಾಯ. ಕೇಳುವುದು ಮುಖ್ಯವಾಗಿ ಒಂದನ್ನು: ನೀವು ಪ್ರೊಟೆಸ್ಟೆಂಟ್ ಸಮುದಾಯದವರಾ, ರೋಮನ್ ಕ್ಯಾಥೊಲಿಕ್ ಸಮುದಾಯದವರಾ, ಎರಡೂ ಅಲ್ಲವಾ? ಉತ್ತರಿಸದಿದ್ದರೆ ನೀವು ಓದಿದ ಪ್ರೈಮರಿ ಶಾಲೆ ನೋಡಿ ಕಂಪನಿ ಊಹಿಸಬಹುದು, ಅದಕ್ಕೂ ನಿಯಮ ಇದೆ! ಬೆಲ್‌ಫಾಸ್ಟ್‌ನಲ್ಲಿರುವ ಪರಿಚಯದವರು ಪ್ರತಿ ಸಲ "ಎರಡೂ ಅಲ್ಲ"ಕ್ಕೆ ಟಿಕ್ ಹಾಕಿ ನಗುತ್ತಾರೆ. ದಶಕಗಳ ಕಾಲ ಧರ್ಮ ನೋಡಿ ಕೆಲಸ ಕೊಟ್ಟು, ಆಮೇಲೆ ರಕ್ತ ಹರಿದ ನೆಲ ಅದು. ಅಲ್ಲಿಯವರಿಗೆ ಇದು ನಗುವ ವಿಷಯವಲ್ಲ.

ಗೆಳತಿಯ ಮನೆಯಲ್ಲಿ ಜಗಳ ಹತ್ತಿದ್ದು ಮಾತ್ರ ಧರ್ಮಕ್ಕೂ ಅಲ್ಲ, ಜನಾಂಗಕ್ಕೂ ಅಲ್ಲ, ಈ ಪ್ರಶ್ನೆಗೆ: ನಿಮಗೆ 14 ವರ್ಷ ಇದ್ದಾಗ ಮನೆಯಲ್ಲಿ ಹೆಚ್ಚು ದುಡಿಯುತ್ತಿದ್ದವರು ಯಾವ ಕೆಲಸದಲ್ಲಿದ್ದರು? "ಅಪ್ಪ ಅಂತ ಹಾಕು," ಅಂದರು ಗೆಳತಿಯ ಗಂಡ. ಮಗಳು ತಲೆ ಎತ್ತಲಿಲ್ಲ. "ಆವಾಗ ನೀವು ವೇರ್‌ಹೌಸ್‌ನಲ್ಲಿದ್ರಿ ಅಪ್ಪಾ. ಅಮ್ಮ ನರ್ಸ್." ಗೆಳತಿ ಅಡುಗೆಮನೆಯಿಂದಲೇ "ನರ್ಸ್ ಅಂತಾನೇ ಹಾಕು ಪುಟ್ಟಿ" ಅಂದಳು. ಅವರು ಟಿವಿ ಸೌಂಡ್ ಜಾಸ್ತಿ ಮಾಡಿದರು. ತಮಾಷೆ ಇರಲಿ, ಈ ಪ್ರಶ್ನೆ ಇಡೀ ಪುಟದಲ್ಲೇ ಗಟ್ಟಿಯಾದದ್ದು. ಇಲ್ಲಿ ವರ್ಗ ಅನ್ನೋದು ಬಣ್ಣದಷ್ಟೇ ಆಳಕ್ಕೆ ಇಳಿದಿದೆ. ಜನಾಂಗದ ಕಾಲಂ ಮಾತ್ರ ನೋಡಿದರೆ ಲಂಡನ್ನಿನ ಡಾಕ್ಟರರ ಮಗನೂ ವೇರ್‌ಹೌಸ್ ಕೆಲಸದವರ ಮಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬಡ ಬಿಳಿಯರ ಮಕ್ಕಳಂತೂ ಲೆಕ್ಕಕ್ಕೇ ಸಿಗೋದಿಲ್ಲ. ಅದಕ್ಕೇ ಅಪ್ಪ ಅಮ್ಮನ ಕೆಲಸ, ಓದಿದ ಶಾಲೆ, ಶಾಲೆಯಲ್ಲಿ ಉಚಿತ ಊಟ ಸಿಗುತ್ತಿತ್ತಾ, ಇಷ್ಟನ್ನು ಈಗ ಹಲವರು ಕೇಳುತ್ತಾರೆ.

ಎಲ್ಲ ಕಂಪನಿಗಳೂ ಇಷ್ಟು ಶ್ರದ್ಧೆಯಿಂದ ಮಾಡ್ತಾವೆ ಅಂತ ನಾನು ಹೇಳಲಾರೆ. ಸುಮ್ನೆ ತುಂಬಿಸಿಕೊಂಡು, ಕಡತದಲ್ಲಿಟ್ಟು, ವೆಬ್‌ಸೈಟಿನಲ್ಲಿ ನಾಲ್ಕು ಬಣ್ಣದ ಮುಖಗಳ ಫೋಟೊ ಹಾಕಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಅಂಥವರ ಮೇಲೆ ಮಕ್ಕಳಿಗೆ ಸಿಟ್ಟು ಬಂದರೆ ನ್ಯಾಯವೇ. "ಹೇಳಲು ಇಷ್ಟವಿಲ್ಲ" ಅನ್ನುವ ಆಯ್ಕೆ ಪ್ರತಿ ಪ್ರಶ್ನೆಗೂ ಸಾಮಾನ್ಯವಾಗಿ ಇರುತ್ತದೆ. ಅದನ್ನು ಒತ್ತಿದರೆ ಅರ್ಜಿಗೆ ಏನೂ ತೊಂದರೆಯಿಲ್ಲ. ಇಲ್ಲಿನ ದತ್ತಾಂಶ ಕಾನೂನಿನಲ್ಲಿ ಜನಾಂಗ, ಧರ್ಮ, ಆರೋಗ್ಯ, ಲೈಂಗಿಕ ಒಲವು ವಿಶೇಷ ರಕ್ಷಣೆಯ ಪಟ್ಟಿಯಲ್ಲಿವೆ. ಸಮಾನತೆಯ ಲೆಕ್ಕಕ್ಕೆ ಅಂತ ತೆಗೆದುಕೊಂಡದ್ದನ್ನು ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡಲು ಬಳಸುವಂತಿಲ್ಲ. ಆದರೆ ಅರ್ಧಕ್ಕರ್ಧ ಜನ ಹೇಳದೇ ಹೋದರೆ ನಮ್ಮ ಆ ನಾಲ್ಕು ಮೆಟ್ಟಿಲಿನ ಹಾಳೆ ಏನನ್ನೂ ಹೇಳೋದಿಲ್ಲ. ನನ್ನನ್ನು ಕೇಳಿದರೆ ತುಂಬಿ ಅಂತಲೇ ಹೇಳುತ್ತೇನೆ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ತೊಂದರೆ, ಇರುವ ಮಗು ಕೊನೇ ಪುಟದಲ್ಲಿ ಅಂಗವೈಕಲ್ಯಕ್ಕೆ "ಹೌದು" ಅಂತ ಹಾಕಿ, ಟೆಸ್ಟ್‌ಗೆ ಹೆಚ್ಚು ಸಮಯ ಸಿಗುತ್ತೆ ಅಂತ ಕಾಯುತ್ತಾ ಕೂತರೆ ಸಿಗೋದಿಲ್ಲ. ಆ ಪುಟ ನೋಡುವವರು ಟೆಸ್ಟ್ ನಡೆಸುವವರಲ್ಲ. ಸಹಾಯ ಬೇಕಾದರೆ ಅದಕ್ಕೇ ಇರುವ ಬೇರೆ ಪ್ರಶ್ನೆಯಲ್ಲಿ, ಇಲ್ಲದಿದ್ದರೆ ಇಮೇಲ್ ಬರೆದು ಬಿಡಿಸಿ ಕೇಳಬೇಕು. ಕೆಲವು ಕಂಪನಿಗಳು ಕನಿಷ್ಠ ಅರ್ಹತೆ ಇರುವ ಅಂಗವಿಕಲರಿಗೆ ಸಂದರ್ಶನದ ಭರವಸೆ ಕೊಡುತ್ತವೆ. ಅದನ್ನೂ ಪ್ರತ್ಯೇಕವಾಗಿಯೇ ಕೇಳಿಕೊಳ್ಳಬೇಕು. ಗೆಳತಿಯ ಮನೆಯ ಚಿಕ್ಕ ಹುಡುಗನಿಗೆ ಮುಂದಿನ ವರ್ಷ ಇದು ಬೇಕಾಗುತ್ತದೆ, ಈಗಲೇ ಹೇಳಿಟ್ಟಿದ್ದೇನೆ.

ಊರಿಂದ ಯಾರೇ ಈ ಬಗ್ಗೆ ವಿಚಾರಿಸಿದರೂ ಕೊನೆಗೆ ಕೇಳೋದು ಇದನ್ನೇ: ಜಾತಿ ಕೇಳ್ತಾರಾ? ನಾನು ನೋಡಿದ ಯಾವ ಅರ್ಜಿಯಲ್ಲೂ ಇಲ್ಲ. ಸಮಾನತೆ ಕಾಯ್ದೆಗೆ ಜಾತಿಯನ್ನೂ ಸೇರಿಸಬೇಕು ಅಂತ ಪಾರ್ಲಿಮೆಂಟ್ 2013ರಲ್ಲಿ ಒಪ್ಪಿತ್ತು. ಪರ ವಿರೋಧ ಎರಡೂ ಜೋರಾಗಿತ್ತು, ಎರಡೂ ಕಡೆ ಇದ್ದದ್ದು ನಮ್ಮವರೇ. 2018ರಲ್ಲಿ ಸರ್ಕಾರ ಅದನ್ನು ಕೈಬಿಟ್ಟು, ಇರುವ ಕಾನೂನಿನಲ್ಲೇ ಕೋರ್ಟುಗಳು ನೋಡಿಕೊಳ್ಳಲಿ ಅಂದಿತು. ಹಾಗಾಗಿ ಸದ್ಯಕ್ಕೆ ನಮ್ಮ ಮಕ್ಕಳೆಲ್ಲ ಆ ಪುಟದಲ್ಲಿ "ಇಂಡಿಯನ್" ಅನ್ನುವ ಒಂದೇ ಚೌಕದಲ್ಲಿ ಇದ್ದಾರೆ. ಆ ಚೌಕದೊಳಗೆ ಯಾರು ಒಳಗೆ ಬಂದರು, ಯಾರು ಹೊರಗೆ ಉಳಿದರು ಅಂತ ನಮ್ಮ ಹಾಳೆ ಹೇಳೋದಿಲ್ಲ.