ಕಿಂಡಿಯ ಅಡಿ ಹಲಗೆ

ಕಾಸರಗೋಡಿನ ಶಿರಿಯ, ಮೊಗ್ರಾಲ್, ಚಂದ್ರಗಿರಿ, ಯಾವ ಹೊಳೆಯೇ ಆಗಲಿ, ಮಳೆ ನಿಂತು ನೀರು ಇಳಿದ ಮೇಲೆ ಕಡಲು ಒಳಗೆ ಬರುವುದು ತಳದಿಂದ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲ ನೀರು ಭಾರ, ಅಡಿಯಲ್ಲಿ ನುಸುಳುತ್ತದೆ. ಸಿಹಿನೀರು ಅದರ ಮೇಲೆ ತೇಲುತ್ತಿರುತ್ತದೆ. ಬೊಗಸೆ ನೀರು ಬಾಯಿಗೆ ಹಾಕಿ ‘ಚಪ್ಪೆಯೇ ಉಂಟು’ ಎಂದು ಕಿಂಡಿ ಅಣೆಕಟ್ಟಿಗೆ (ಕಂಬಗಳ ನಡುವಿನ ಕಿಂಡಿಗಳನ್ನು ಹಲಗೆಯಿಂದ ಮುಚ್ಚುವ ಸಣ್ಣ ಅಣೆ) ಹಲಗೆ ಇಳಿಸುವುದನ್ನು ಮುಂದೂಡಿದರೆ ಅಡಿಕೆ ತೋಟದ ಕತೆ ಅಲ್ಲಿಗೇ ಮುಗಿಯಿತು.

ನೋಡಬೇಕಾದ್ದು ತಳದ ನೀರನ್ನು. ಅರ್ಧ ಲೀಟರ್ ಬಾಟಲಿಗೆ ಒಂದೂವರೆ ಕಿಲೋ ಕಲ್ಲು ಕಟ್ಟಿ (ಹಗುರವಾದರೆ ಮುಳುಗದು), ಬಿರಡೆಗೆ ಬೇರೆ ಹಗ್ಗ ಕಟ್ಟಿ ಇಳಿಸಿ. ತಳ ಮುಟ್ಟಿದ ಮೇಲೆ ಬಿರಡೆ ಎಳೆಯಿರಿ, ಗುಳ್ಳೆ ನಿಂತಾಗ ಮೇಲೆತ್ತಿ. ನೀರಿನ ವಿದ್ಯುತ್ ವಾಹಕತೆಯಿಂದ ಉಪ್ಪನ್ನು ಅಳೆಯುವ ಇ.ಸಿ. ಮೀಟರಿನಲ್ಲಿ ಕಡಲ ನೀರು ಸೆಂ.ಮೀ.ಗೆ 50 ಮಿಲಿಸೀಮೆನ್ಸ್ ಆಸುಪಾಸು ತೋರಿಸುತ್ತದೆ. ಗದ್ದೆಯ ಮಣ್ಣಿನಲ್ಲಿ ಅದು 3 ದಾಟಿದರೆ ಭತ್ತದ ಇಳುವರಿ ಕುಸಿಯತೊಡಗುತ್ತದೆ. ಹಾಗಾಗಿ ತಳದ ನೀರು 1 ಮುಟ್ಟಿದ ದಿನವೇ ಹಲಗೆ ಬೀಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅಳೆಯುವುದು ಉಬ್ಬರದ ತುದಿಯಲ್ಲಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ದಿನಾ ಬೆಳಿಗ್ಗೆ ಏಳಕ್ಕೆ ಅಳೆದ ಲೆಕ್ಕ ನಂಬಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಎರಡು ದಿನ ತಪ್ಪಿಸಲೇಬಾರದು.

ಹಲಗೆಗಳಲ್ಲಿ ಮುಖ್ಯವಾದದ್ದು ಎಲ್ಲಕ್ಕಿಂತ ಕೆಳಗಿನದು. ಮಳೆಗಾಲದಲ್ಲಿ ಹಲಗೆ ಕೂರುವ ಗಾಡಿಯ (ಕಂಬದಲ್ಲಿ ಕೊರೆದ ಸೀಳಿನ) ತಳದಲ್ಲಿ ಮರಳು, ತೆಂಗಿನ ಸಿಪ್ಪೆ ಕೂತಿರುತ್ತದೆ. ಅದನ್ನು ಕೆರೆದು ತೆಗೆಯದೆ ಇಳಿಸಿದ ಹಲಗೆ ಎರಡು ಬೆರಳು ಎತ್ತರದಲ್ಲೇ ನಿಲ್ಲುತ್ತದೆ, ಉಪ್ಪಿಗೆ ಬೇಕಾದ ದಾರಿಯೂ ಅದೇ. ಮರದ ಹಲಗೆಯನ್ನು ಎರಡು ದಿನ ನೆನೆಸಿಟ್ಟರೆ ಉಬ್ಬಿ ಸಂದು ಮುಚ್ಚುತ್ತದೆ. ಹಲಗೆಯ ಎರಡು ಸಾಲಿನ ನಡುವೆ ತುಂಬುವುದು ಜೇಡಿಮಣ್ಣೇ ಆಗಬೇಕು. ಒಂದೊಂದು ಅಡಿ ಹಾಕಿ ತುಳಿಯಬೇಕು. ಹೊಯಿಗೆ (ಮರಳು) ಸೇರಿದರೆ ಸೋರುತ್ತದೆ.

ತಡವಾಗಿ ಮುಚ್ಚಿದರೆ ಇನ್ನೊಂದು ಸಂಕಟ. ಒಳಗೆ ಸಿಕ್ಕಿಬಿದ್ದ ಉಪ್ಪುನೀರು ಗುಂಡಿಯಲ್ಲೇ ಕೂರುತ್ತದೆ, ಹಲಗೆಯ ಮೇಲಿಂದ ಹರಿದು ಹೋಗುವುದು ಸಿಹಿನೀರು ಮಾತ್ರ. ಅದಕ್ಕೇ ತಳಮಟ್ಟದಲ್ಲಿ ಒಂದು ಪೈಪು ಬೇಕು, ಕಡಲ ಬದಿಗೆ ಮೇಲಿನಿಂದ ಕೀಲು ಹಾಕಿದ ಮುಚ್ಚಳ ಬೇಕು. ಇಳಿತಕ್ಕೆ ಅದು ತಾನೇ ತೆರೆದು ಉಪ್ಪನ್ನು ಹೊರಹಾಕುತ್ತದೆ, ಉಬ್ಬರಕ್ಕೆ ಮುಚ್ಚಿಕೊಳ್ಳುತ್ತದೆ. ಒಂದು ಕಡ್ಡಿ ಸಿಕ್ಕಿದರೂ ಕೆಲಸ ಉಲ್ಟಾ, ವಾರಕ್ಕೊಮ್ಮೆ ಕೈಯಾಡಿಸಿ ನೋಡಿ.

ಪತ್ತನಾಜೆಗೆ (ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಭಾಗ) ಮೊದಲು ಹಲಗೆ ಎಲ್ಲ ಮೇಲೆ ಬರಲಿ. ಇಲ್ಲದಿದ್ದರೆ ಮೊದಲ ನೆರೆ ಅಣೆಯನ್ನು ಬಿಟ್ಟು ಪಕ್ಕದ ದಂಡೆಯನ್ನು ಕೊರೆದು ದಾರಿ ಮಾಡಿಕೊಳ್ಳುತ್ತದೆ.

ಅಣೆಯ ಕೆಳಗಿನ ಕಾಂಡ್ಲಾ (ಮ್ಯಾಂಗ್ರೋವ್) ಜೌಗಿಗೆ ಮಾತ್ರ ಉಪ್ಪುನೀರು ದಿನಾ ಹೋಗಿ ಬರಲೇಬೇಕು. ಅಲ್ಲಿಯೂ ಒಡ್ಡು ಕಟ್ಟಿ ಒಣಗಿಸಿದರೆ ಕೆಸರಿನಲ್ಲಿರುವ ಗಂಧಕ ಗಾಳಿ ತಾಗಿ ಆಮ್ಲವಾಗುತ್ತದೆ, ಮೊದಲ ಮಳೆಗೆ ಮೀನು ಸಾಯುತ್ತದೆ. ದಂಡೆ ಕುಸಿಯುವಲ್ಲಿ ಕಲ್ಲಿನ ಗೋಡೆ ಕಟ್ಟಿದರೆ ಅಲೆ ಅದರ ಬುಡವನ್ನೇ ಕೊರೆಯುತ್ತದೆ. ಅದರ ಬದಲು ಕಾಂಡ್ಲಾದ ಉದ್ದ ಕೋಡುಗಳನ್ನು (ಮರದಲ್ಲೇ ಮೊಳೆತ ಬೀಜ) ಮೀಟರಿಗೊಂದರಂತೆ, ಮೂರನೇ ಒಂದು ಭಾಗ ಕೆಸರಿಗೆ ಇಳಿಯುವಷ್ಟು ಚುಚ್ಚಿ. ಇಳಿತದಲ್ಲೂ ನೀರು ನಿಲ್ಲುವ ಕಡೆ ನೆಟ್ಟರೆ ಕೊಳೆಯುತ್ತವೆ. ಉಬ್ಬರಕ್ಕೆ ಮುಳುಗಿ ಇಳಿತಕ್ಕೆ ಕೆಸರು ಕಾಣುವ ಅಂಚೇ ಅವುಗಳ ಜಾಗ.