ಯೆರೆಮೀಯನ 70 ವರ್ಷ

ಬೈಬಲಿನ ಪ್ರವಾದಿ ಯೆರೆಮೀಯನ ಗ್ರಂಥದ 25ನೇ ಅಧ್ಯಾಯದ 70 ವರ್ಷ ಹಿಡಿದು ಕೂತಿದ್ದೇನೆ. ಯೆಹೂದ್ಯರ ಯೆಹೂದ ರಾಜ್ಯವೂ ಸುತ್ತಲಿನ ಜನಾಂಗಗಳೂ ಅಷ್ಟು ವರ್ಷ ಬಾಬೆಲ್ (ಬ್ಯಾಬಿಲೋನ್) ಅರಸನ ಅಡಿಯಾಳಾಗಿರುವರು ಅನ್ನುತ್ತದೆ ಅಲ್ಲಿನ ವಚನ. ಎಲ್ಲಿಂದ ಎಣಿಸೋದು? ಕ್ರಿ.ಪೂ. 605ರಲ್ಲಿ ಬಾಬೆಲಿನಲ್ಲಿ ನೆಬೂಕದ್ನೆಚ್ಚರ ಪಟ್ಟಕ್ಕೆ ಬಂದ, 539ರಲ್ಲಿ ಬಾಬೆಲ್ ಪರ್ಷಿಯದ ಅರಸ ಕೋರೆಷನ (ಸೈರಸ್) ಕೈಸೇರಿತು. 66 ವರ್ಷ. ಬಾಬೆಲಿನವರು ಯೆರೂಸಲೇಮಿನ ದೇವಾಲಯ ಸುಟ್ಟ 586ರಿಂದ ಮತ್ತೆ ಕಟ್ಟಿ ಮುಗಿಸಿದ 515ರವರೆಗೆ ಎಣಿಸಿದರೆ 70ರ ಹತ್ತಿರ ಬರುತ್ತದೆ ನಿಜ, ಆದರೆ ಆ ವಚನ ಹೇಳುವುದು ಬಾಬೆಲ್ ಅರಸನ ಅಡಿಯಾಳಾಗಿರುವ ಬಗ್ಗೆ, ದೇವಾಲಯದ ಬಗ್ಗೆ ಅಲ್ಲ. ಬೇಕಾದ ಮೊತ್ತ ಬರಲೆಂದು ವರ್ಷ ಆರಿಸಿಕೊಳ್ಳುವುದು ಪ್ರವಾದಿಗೆ ಮಾಡುವ ಅಗೌರವ ಅಂತಲೇ ನನಗನ್ನಿಸುತ್ತದೆ.

ಬಾಬೆಲಿನಲ್ಲಿ ಸಿಕ್ಕ ಮಣ್ಣಿನ ಫಲಕವೊಂದಿದೆ. ಸೆರೆಯಲ್ಲಿದ್ದ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಐವರು ಗಂಡುಮಕ್ಕಳಿಗೂ ಎಣ್ಣೆ ಅಳೆದುಕೊಟ್ಟ ಲೆಕ್ಕ ಅದರಲ್ಲಿದೆ. ಉಗ್ರಾಣದ ಯಾರೋ ಗುಮಾಸ್ತ ಬರೆದಿಟ್ಟದ್ದು! ಓದಿದಾಗ ಮೈ ಜುಮ್ಮೆಂದಿತು. ಬೈಬಲಿನ ದಾನಿಯೇಲ ಗ್ರಂಥದ 9ನೇ ಅಧ್ಯಾಯದಲ್ಲಿ ದಾನಿಯೇಲನೂ ಇದೇ 70ರ ಲೆಕ್ಕ ನೋಡುತ್ತಾನೆ, ಮುಂದಿನ ಓದು ಅದು.